ಸೈಕೋಸಿಸ್ ಲಕ್ಷಣಗಳ ತೀವ್ರತೆ ಅಳೆಯುವುದು ಹೇಗೆ: ಅಂಕ ಬರೆಯುವ ಮುಂಚೆ, ಬರೆಯುವಾಗ, ಬರೆದ ಮೇಲೆ

ಮೂರು ಹಾಳೆ ನನ್ನ ಮುಂದೆ ಇದ್ದವು. ಸೈಕೋಸಿಸ್ (ಇಲ್ಲದ್ದು ಕೇಳಿಸುವುದು, ಸುಳ್ಳು ನಂಬಿಕೆ ಗಟ್ಟಿಯಾಗಿ ಕೂರುವುದು ಇಂಥ ಲಕ್ಷಣಗಳ ಕಾಯಿಲೆ) ಇರುವ ಒಬ್ಬನೇ ರೋಗಿ, ಆರು ವಾರದಲ್ಲಿ ಮೂರು ಸಲ ಅಳೆದದ್ದು. ಮೊದಲನೆಯದರಲ್ಲಿ ಒಟ್ಟು 84, ಎರಡನೆಯದರಲ್ಲಿ 61, ಮೂರನೆಯದರಲ್ಲಿ 88. ಮಾತ್ರೆ ಬದಲಾಗಿರಲಿಲ್ಲ. ತಾಯಿ "ಆಗ ಹೆಂಗಿದ್ನೋ ಈಗ್ಲೂ ಹಂಗೇ ಇದಾನೆ ಮೇಡಂ" ಅಂತಿದ್ದರು. ಬದಲಾಗಿದ್ದು ಅಂಕ ಹಾಕಿದ ಕೈ ಮಾತ್ರ. ಆ 61 ನೋಡಿ ಯಾರಾದರೂ ಡೋಸ್ ಇಳಿಸಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಿದರೆ ಈಗಲೂ ಎದೆ ಝಲ್ ಅನ್ನುತ್ತೆ.

ಚಿಕ್ಕಬಳ್ಳಾಪುರ ಜಿಲ್ಲೆಯ ತಾಲೂಕುಗಳಲ್ಲಿ, ಮಂಗಳವಾರದ ಮನೋಚೈತನ್ಯ ಅನ್ನುವ ಮಾನಸಿಕ ಆರೋಗ್ಯ ಕ್ಲಿನಿಕ್‌ಗಳಲ್ಲಿ ಕೂರುವ ನರ್ಸ್‌ಗಳು, ಸೋಶಿಯಲ್ ವರ್ಕರ್‌ಗಳು, ಸೈಕಿಯಾಟ್ರಿ ಕಲಿಯುತ್ತಿರುವವರು ಇದೇ ಕೆಲಸದಲ್ಲಿ ಮತ್ತೆ ಮತ್ತೆ ಎಡವುತ್ತಾರೆ. ಎಡವುವ ಜಾಗವೂ ಹೆಚ್ಚುಕಮ್ಮಿ ಒಂದೇ. ರೋಗಿ ಒಳಗೆ ಬಂದು ಕೂತ ಎರಡೇ ನಿಮಿಷಕ್ಕೆ "ಇದು ಆರು, ಇದು ಐದು" ಅಂತ ಮನಸ್ಸಿನಲ್ಲೇ ಅಂಕ ಬಿದ್ದುಬಿಡುತ್ತೆ, ಆಮೇಲೆ ಕೇಳುವ ಪ್ರಶ್ನೆಗಳೆಲ್ಲ ಆ ಅಂಕಕ್ಕೆ ಸಾಕ್ಷಿ ಹುಡುಕೋಕೆ ಮಾತ್ರ. ಅಂಕ ಹಾಕುವುದು ಕೊನೆಯ ಕೆಲಸ. ಅದಕ್ಕೇ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಇಟ್ಟಿದ್ದೇನೆ, ಹಿಂದೆ ಮುಂದೆ ಮಾಡಬೇಡಿ.

ಮನೆಯವರು ಓದುತ್ತಿದ್ದರೆ ಒಂದು ಮಾತು. ಲಕ್ಷಣಗಳಿಗೆ ಅಂಕ ಹಾಕುವ ಈ ಸ್ಕೇಲ್‌ಗಳು ಕಾಯಿಲೆ ಯಾವುದು ಅಂತ ಹೇಳುವುದಿಲ್ಲ, ಲಕ್ಷಣ ಎಷ್ಟಿದೆ ಅಂತ ಮಾತ್ರ ಹೇಳುತ್ತವೆ. ಮನೆಯಲ್ಲಿ ಕೂತು ಅಂಕ ಹಾಕೋಕೆ ಇವು ಅಲ್ಲ. ಆದರೆ ಡಾಕ್ಟರ್ ಯಾಕೆ ಅಷ್ಟೊಂದು ಕೇಳುತ್ತಾರೆ, ನೀವು ಏನು ಗಮನಿಸಿಕೊಂಡು ಬಂದರೆ ಅವರಿಗೆ ಉಪಯೋಗ ಅನ್ನುವುದು ಇಲ್ಲಿ ಸಿಗುತ್ತೆ.

ಹಂತ 1: ಯಾವ ಸ್ಕೇಲ್ ಬೇಕು ಅಂತ ಮೊದಲು ತೀರ್ಮಾನಿಸಿ

ಸಮಯ ಎಷ್ಟಿದೆ, ಯಾಕೆ ಅಳೆಯುತ್ತಿದ್ದೀರಿ ಅನ್ನುವುದರ ಮೇಲೆ ಇದು ನಿಂತಿದೆ.

ಪ್ಯಾನ್ಸ್ (ಪಾಸಿಟಿವ್ ಆಂಡ್ ನೆಗೆಟಿವ್ ಸಿಂಡ್ರೋಮ್ ಸ್ಕೇಲ್) ಪೂರ್ತಿ ಚಿತ್ರ ಕೊಡುತ್ತೆ. ಒಟ್ಟು 30 ಐಟಂ. 7 ಪಾಸಿಟಿವ್ (ಧ್ವನಿ, ಸುಳ್ಳು ನಂಬಿಕೆ ತರ ಹೊಸದಾಗಿ ಸೇರಿಕೊಂಡವು), 7 ನೆಗೆಟಿವ್ (ಭಾವ, ಮಾತು ತರ ಇದ್ದದ್ದು ಕಮ್ಮಿಯಾದವು), 16 ಸಾಮಾನ್ಯ ಲಕ್ಷಣಗಳು. ಪ್ರತಿಯೊಂದಕ್ಕೂ 1ರಿಂದ 7ರವರೆಗೆ ಅಂಕ, ಅಂದರೆ ಒಟ್ಟು 30ರಿಂದ 210ರವರೆಗೆ. ಸರಿಯಾಗಿ ಮಾಡಿದರೆ ಸಂದರ್ಶನಕ್ಕೇ 30ರಿಂದ 40 ನಿಮಿಷ ಬೇಕು. ಇದು ಕಾಪಿರೈಟ್ ಇರುವ ಸ್ಕೇಲ್, ತರಬೇತಿ ತೆಗೆದುಕೊಂಡು ಅಧಿಕೃತ ಪ್ರತಿಯನ್ನೇ ಬಳಸಿ. ಯಾರೋ ವಾಟ್ಸಾಪ್‌ನಲ್ಲಿ ಕಳಿಸಿದ ಒಂದು ಪುಟದ ಹಾಳೆಯಲ್ಲಿ ಐಟಂ ಹೆಸರು ಮಾತ್ರ ಇರುತ್ತೆ, ಯಾವ ಅಂಕಕ್ಕೆ ಏನು ಇರಬೇಕು ಅನ್ನುವ ವಿವರಣೆ ಇರುವುದಿಲ್ಲ. ಆ ವಿವರಣೆ ಇಲ್ಲದೆ ಅಂಕ ಹಾಕಿದರೆ ಅದು ಅಂದಾಜು ಅಷ್ಟೇ.

ಬಿಪಿಆರ್‌ಎಸ್ (ಬ್ರೀಫ್ ಸೈಕಿಯಾಟ್ರಿಕ್ ರೇಟಿಂಗ್ ಸ್ಕೇಲ್) ಚಿಕ್ಕದು. ಜಾಸ್ತಿ ಬಳಕೆಯಲ್ಲಿರುವುದು 18 ಐಟಂನದು. 1ರಿಂದ 7ರ ಲೆಕ್ಕದಲ್ಲಿ ಒಟ್ಟು 18ರಿಂದ 126. ಹೊರರೋಗಿ ವಿಭಾಗದಲ್ಲಿ ಸಾಲು ಗೇಟಿನವರೆಗೆ ನಿಂತಿರುವ ದಿನ ಇದು ಅಥವಾ ಆರೇ ಐಟಂನ ಪ್ಯಾನ್ಸ್-6 ಅನುಕೂಲ. ಧ್ವನಿ ಕೇಳಿಸುವುದೊಂದೇ ದೊಡ್ಡ ತೊಂದರೆ, ಅದು ಇಳಿಯುತ್ತಿದೆಯಾ ಅಂತ ನೋಡಬೇಕು ಅಂದರೆ ಸೈರ್‌ಯಾಟ್ಸ್ (PSYRATS) ಸ್ಕೇಲ್ ತೆಗೆದುಕೊಳ್ಳಿ. ಅದರಲ್ಲಿ ಧ್ವನಿಗೆ 11, ಗಟ್ಟಿಯಾಗಿ ಕೂತ ಸುಳ್ಳು ನಂಬಿಕೆಗೆ 6 ಐಟಂ ಇವೆ. ಎಷ್ಟು ಸಲ, ಎಷ್ಟು ಹೊತ್ತು, ಎಷ್ಟು ಜೋರು, ಎಷ್ಟು ಹಿಂಸೆ, ತಡೆಯೋಕೆ ಆಗುತ್ತಾ ಅಂತ ಒಂದೊಂದನ್ನೂ ಬೇರೆ ಬೇರೆ ಕೇಳುತ್ತೆ. ಮಂಕಾಗಿ ಕೂರುವುದು, ಮಾತು ಕಮ್ಮಿಯಾಗುವುದು ಇಂಥ ನೆಗೆಟಿವ್ ಲಕ್ಷಣಗಳನ್ನೇ ಆಳವಾಗಿ ನೋಡಬೇಕಿದ್ದರೆ ಸ್ಯಾನ್ಸ್ (SANS) ಸ್ಕೇಲ್.

ಸಿಜಿಐ (ಕ್ಲಿನಿಕಲ್ ಗ್ಲೋಬಲ್ ಇಂಪ್ರೆಷನ್) ಅಂದರೆ ಒಟ್ಟಾರೆ ಕಾಯಿಲೆ ಎಷ್ಟಿದೆ ಅನ್ನುವುದಕ್ಕೆ ಒಂದೇ ಅಂಕ, 1ರಿಂದ 7. ಯಾವ ಸ್ಕೇಲ್ ಮಾಡಿದರೂ ಇದನ್ನು ಜೊತೆಗೆ ಹಾಕಿಡಿ, ಒಂದು ನಿಮಿಷದ ಕೆಲಸ.

ತಪ್ಪಾಗುವುದು ಎಲ್ಲಿ? ಒಂದು ಸಲ ಪ್ಯಾನ್ಸ್, ಮುಂದಿನ ಸಲ ಬಿಪಿಆರ್‌ಎಸ್, ಆಮೇಲೆ ಸಮಯ ಇಲ್ಲ ಅಂತ ಸಿಜಿಐ. ಮೂರಕ್ಕೂ ಹೋಲಿಕೆ ಕೂರುವುದಿಲ್ಲ. ದೊಡ್ಡದನ್ನು ಪ್ರತಿ ಸಲ ಮಾಡೋಕೆ ಆಗಲ್ಲ ಅನ್ನಿಸಿದರೆ ಮೊದಲ ದಿನವೇ ಚಿಕ್ಕದನ್ನು ಹಿಡಿದು, ಕೊನೆವರೆಗೂ ಅದನ್ನೇ ಮಾಡಿ.

ಹಂತ 2: ಮೇಜಿನ ಮೇಲೆ ಇರಬೇಕಾದದ್ದು

ಸ್ಕೇಲ್ ಹಾಳೆ, ಅಂಕಗಳ ವಿವರಣೆಯ ಕೈಪಿಡಿ, ಖಾಲಿ ಕಾಗದ, ಗಡಿಯಾರ, ರೋಗಿಯ ಮಾತ್ರೆ ಚೀಟಿ. ಡಿಪೋ ಇಂಜೆಕ್ಷನ್ (ಒಂದು ಸಲ ಹಾಕಿದರೆ ವಾರಗಟ್ಟಲೆ ಕೆಲಸ ಮಾಡುವುದು) ತೆಗೆದುಕೊಳ್ಳುವವರಾದರೆ ಕೊನೆಯ ಇಂಜೆಕ್ಷನ್ ಯಾವತ್ತು ಅನ್ನುವುದನ್ನೂ ಬರೆದಿಟ್ಟುಕೊಳ್ಳಿ.

ಬಾಗಿಲು ಮುಚ್ಚುವ ಕೋಣೆ ಬೇಕು. ತಾಲೂಕು ಆಸ್ಪತ್ರೆಯಲ್ಲಿ ಅದು ಸಿಗುವುದು ಕಷ್ಟ, ನನಗೆ ಗೊತ್ತು. ಇಂಜೆಕ್ಷನ್ ರೂಮೋ, ಲಸಿಕೆ ಹಾಕುವ ರೂಮೋ ಅರ್ಧ ಗಂಟೆಗೆ ಕೇಳಿ ಪಡೆಯಿರಿ. "ನಿನ್ನನ್ನು ಯಾರಾದರೂ ಹಿಂಬಾಲಿಸ್ತಿದ್ದಾರಾ" ಅಂತ ಹತ್ತು ಜನರ ಮುಂದೆ ಕೇಳಿದರೆ ಯಾರೂ ಹೌದು ಅನ್ನಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ರೋಗಿಯ ಗೋಪ್ಯತೆ ಅವರ ಹಕ್ಕು ಅಂತಲೇ ಇದೆ. ಬಾಗಿಲ ಹತ್ತಿರದ ಕುರ್ಚಿ ಮಾತ್ರ ನಿಮಗಿರಲಿ, ರೋಗಿಗೂ ಹೊರಗೆ ಹೋಗೋಕೆ ದಾರಿ ಇರಲಿ.

ಶುರುವಿನಲ್ಲೇ ಯಾಕೆ ಕೇಳುತ್ತಿದ್ದೀರಿ ಅಂತ ಹೇಳಿ. "ನಿಮಗೆ ಈ ಮಾತ್ರೆ ಎಷ್ಟು ಕೆಲಸ ಮಾಡ್ತಿದೆ ಅಂತ ತಿಳ್ಕೋಬೇಕು, ಅದಕ್ಕೆ ಸ್ವಲ್ಪ ಜಾಸ್ತಿ ಪ್ರಶ್ನೆ ಕೇಳ್ತೀನಿ." ಅಷ್ಟು ಸಾಕು.

ಹಂತ 3: ಏಳು ದಿನದ ಬೇಲಿ ಹಾಕಿ

ಪ್ಯಾನ್ಸ್‌ನಲ್ಲಿ ಸಾಮಾನ್ಯವಾಗಿ ಅಳೆಯುವುದು ಕಳೆದ ಒಂದು ವಾರವನ್ನು. ಹೋದ ದೀಪಾವಳಿಯಲ್ಲಿ ಬಾವಿಗೆ ಹಾರೋಕೆ ಹೋಗಿದ್ದು ಚರಿತ್ರೆಯ ಪುಟದಲ್ಲಿ ಬರೆಯಬೇಕು, ಈ ವಾರದ ಅಂಕದಲ್ಲಿ ಅಲ್ಲ. ಮನೆಯವರು ಹೇಳುವುದು ಯಾವಾಗಲೂ ಅತಿ ಕೆಟ್ಟ ದಿನದ ಕತೆಯನ್ನೇ. ತಪ್ಪು ಅವರದಲ್ಲ, ಅವರ ಮನಸ್ಸಿನಲ್ಲಿ ಉಳಿದಿರುವುದು ಅದೇ ಅಲ್ವಾ.

"ಕಳೆದ ಏಳು ದಿನದಲ್ಲಿ" ಅಂದರೆ ನಮ್ಮ ಹಳ್ಳಿ ಜನಕ್ಕೆ ಲೆಕ್ಕ ಹಿಡಿಯಲ್ಲ. ನಾನು ಸಂತೆ ಹಿಡಿದು ಕೇಳುತ್ತೇನೆ. "ಹೋದ ಸಂತೆಯಿಂದ ಈ ಸಂತೆವರೆಗೆ ಹೇಗಿದ್ರು?" ಸಂತೆಯಿಂದ ಸಂತೆಗೆ ಸರಿಯಾಗಿ ಒಂದು ವಾರ. ಯಾರನ್ನು ಕೇಳಿದರೂ ಥಟ್ ಅಂತ ನೆನಪಾಗುತ್ತೆ, ಆ ದಿನ ಯಾರು ಹೋಗಿದ್ದರು, ಇವನು ಮನೆಯಲ್ಲಿ ಏನು ಮಾಡುತ್ತಿದ್ದ ಅಂತ. ಡೈರಿ ಬಟವಾಡೆ ದಿನ, ರೇಷ್ಮೆ ಗೂಡು ಮಾರ್ಕೆಟ್ಟಿಗೆ ಹಾಕಿದ ದಿನ, ಇಂಥವೂ ಗುರುತಿಗೆ ಬರುತ್ತವೆ. ಹಾಳೆಯ ಮೇಲ್ಗಡೆ ತಾರೀಖಿನಿಂದ ತಾರೀಖಿಗೆ ಅಂತ ಬರೆದೇ ಮುಂದೆ ಹೋಗಿ.

ಹಂತ 4: ಸಂದರ್ಶನ, ಮೊದಲು ಬರೀ ಕೇಳಿಸಿಕೊಳ್ಳಿ

ಮೊದಲ ಐದು ನಿಮಿಷ ಲಕ್ಷಣದ ಸುದ್ದಿಯೇ ಬೇಡ. "ಬಸ್ಸಲ್ಲಿ ಬಂದ್ರಾ? ಊಟ ಆಯ್ತಾ? ಈ ವಾರ ಹೇಗೆ ಹೋಯ್ತು?" ಕೇಳಿ ಸುಮ್ನೆ ಕೂತುಬಿಡಿ. ಮಾತು ಒಂದಕ್ಕೊಂದು ಹೊಂದುತ್ತಿದೆಯಾ, ದಾರಿ ತಪ್ಪುತ್ತಿದೆಯಾ, ಮುಖದಲ್ಲಿ ಭಾವ ಬರುತ್ತಿದೆಯಾ, ನೀವು ಸುಮ್ಮನಾದರೆ ತಾನಾಗಿ ಮಾತು ಮುಂದುವರಿಸುತ್ತಾರಾ, ಇದೆಲ್ಲ ಗೊತ್ತಾಗುವುದು ಈ ಐದು ನಿಮಿಷದಲ್ಲೇ. ಪ್ರಶ್ನೆ ಮೇಲೆ ಪ್ರಶ್ನೆ ಹಾಕಲು ಶುರು ಮಾಡಿದರೆ ಎಲ್ಲರೂ "ಹೂಂ, ಇಲ್ಲ" ಗೆ ಇಳಿಯುತ್ತಾರೆ. ಆಮೇಲೆ ಮಾತು ಕಮ್ಮಿ ಅಂತ ಅಂಕ ಹಾಕಿದರೆ ಅದು ಅನ್ಯಾಯ.

ನಂತರ ನಿಧಾನಕ್ಕೆ ಒಳಗೆ ಹೋಗಿ. ಮೊದಲು ಅನುಭವ, ಆಮೇಲೆ ನಂಬಿಕೆ, ಕೊನೆಗೆ ಅದರಿಂದ ಏನು ಮಾಡಿದರು ಅನ್ನುವುದು. ಧ್ವನಿಗೆ ನಾನು ಹೀಗೆ ಕೇಳುತ್ತೇನೆ. "ಕೆಲವರಿಗೆ ಅಕ್ಕಪಕ್ಕ ಯಾರೂ ಇಲ್ಲದಾಗಲೂ ಯಾರೋ ಮಾತಾಡಿದ ಹಾಗೆ ಕೇಳಿಸುತ್ತೆ. ನಿಮಗೆ ಹಾಗೆ ಏನಾದ್ರೂ ಆಗಿದೆಯಾ?" ಹೌದು ಅಂದರೆ ಅಲ್ಲಿಗೆ ಬಿಡಬೇಡಿ. ಎಷ್ಟು ಸಲ, ಯಾವ ಹೊತ್ತಿನಲ್ಲಿ, ಒಬ್ಬರಾ ಇಬ್ಬರಾ, ಏನಂತಾರೆ, ಕೇಳಿಸಿದಾಗ ನೀವು ಏನು ಮಾಡುತ್ತೀರಿ, ವಾಪಸ್ ಉತ್ತರ ಕೊಡುತ್ತೀರಾ, ಹೇಳಿದ್ದನ್ನು ಮಾಡುತ್ತೀರಾ. ಅಂಕ ನಿಲ್ಲುವುದು ಈ ಉತ್ತರಗಳ ಮೇಲೆ.

ಒಂದು ಪದದ ಬಗ್ಗೆ ಎಚ್ಚರ. ಕನ್ನಡದಲ್ಲಿ "ಭ್ರಮೆ" ಅನ್ನುವುದನ್ನು ಸುಳ್ಳು ನಂಬಿಕೆಗೂ ಬಳಸುತ್ತಾರೆ, ಇಲ್ಲದ್ದು ಕಾಣುವುದಕ್ಕೂ ಕೇಳುವುದಕ್ಕೂ ಬಳಸುತ್ತಾರೆ. ಟಿಪ್ಪಣಿಯಲ್ಲಿ "ಭ್ರಮೆ ಇದೆ" ಅಂತ ಬರೆದರೆ ಆರು ವಾರ ಬಿಟ್ಟು ಓದುವವರಿಗೆ ಏನೂ ಅರ್ಥ ಆಗಲ್ಲ. ರೋಗಿ ಹೇಳಿದ ವಾಕ್ಯವನ್ನೇ, ಅವರ ಮಾತಿನಲ್ಲೇ ಬರೆದುಕೊಳ್ಳಿ. ಈ ಹಂತದಲ್ಲಿ ಹಾಳೆಯಲ್ಲಿ ಒಂದು ಅಂಕವೂ ಬೀಳಬಾರದು.

ಆಲೋಚನೆ ಪರೀಕ್ಷಿಸೋಕೆ ಗಾದೆ ಕೇಳುವ ಐಟಂ ಒಂದಿದೆ. "ಹಾಸಿಗೆ ಇದ್ದಷ್ಟು ಕಾಲು ಚಾಚು" ಅಂದರೇನು ಅಂತ ಕೇಳಿ, "ಮಂಚ ಚಿಕ್ಕದು" ಅಂತ ಉತ್ತರ ಬಂದ ತಕ್ಷಣ ಅಂಕ ಏರಿಸಬೇಡಿ. ಶಾಲೆಗೆ ಹೋಗದವರಿಗೆ, ಮನೆಮಾತು ತೆಲುಗು ಇರುವವರಿಗೆ ಕನ್ನಡ ಗಾದೆಯ ಒಳಅರ್ಥ ಹೊಳೆಯದೇ ಇರಬಹುದು. ಅವರ ಭಾಷೆಯ ಗಾದೆ ಕೇಳಿ, ಬಾಳೆಹಣ್ಣಿಗೂ ಮಾವಿನಹಣ್ಣಿಗೂ ಏನು ಸಾಮ್ಯ ಅಂತ ಕೇಳಿ. ಕಾಯಿಲೆಗೆ ಮುಂಚೆ ಹೇಗಿದ್ದರು ಅನ್ನುವುದೂ ಲೆಕ್ಕಕ್ಕೆ ಬರಬೇಕು.

ಹಂತ 5: ಮನೆಯವರ ಮಾತು, ಬೇರೆ ಕೂರಿಸಿ

ರೋಗಿಯ ಎದುರಿಗೆ ತಾಯಿ ನಿಜ ಹೇಳಲ್ಲ. ತಾಯಿಯ ಎದುರಿಗೆ ಮಗ ನಿಜ ಹೇಳಲ್ಲ. ರೋಗಿಗೆ ತಿಳಿಸಿ, ಒಪ್ಪಿಗೆ ಪಡೆದು ಮನೆಯವರ ಹತ್ತಿರ ಹತ್ತು ನಿಮಿಷ ಬೇರೆ ಮಾತಾಡಿ.

ಇದನ್ನು ಬಿಟ್ಟರೆ ಪ್ಯಾನ್ಸ್ ಪೂರ್ತಿ ಆಗುವುದೇ ಇಲ್ಲ. ಎನ್4 (ನೆಗೆಟಿವ್ ಭಾಗದ ನಾಲ್ಕನೆಯದು) ಮತ್ತು ಜಿ16 (ಸಾಮಾನ್ಯ ಭಾಗದ ಹದಿನಾರನೆಯದು) ಅನ್ನುವ ಎರಡು ಐಟಂಗೆ ಮನೆಯವರ ಅಥವಾ ನೋಡಿಕೊಳ್ಳುವವರ ಮಾಹಿತಿಯೇ ಆಧಾರ. ಎರಡೂ ಜನರಿಂದ ದೂರ ಇರುವುದರ ಬಗ್ಗೆಯೇ, ಆದರೆ ಕಾರಣ ಬೇರೆ. ಬೆಳಿಗ್ಗೆ ಡೈರಿಗೆ ಹಾಲು ಹಾಕೋಕೆ ಹೋಗುತ್ತಿದ್ದ ಹುಡುಗ ಈಗ ಹೋಗುತ್ತಿಲ್ಲ ಅಂದುಕೊಳ್ಳಿ. ಆಸಕ್ತಿಯೇ ಹೋಗಿದೆ, ಕಂಬಳಿ ಹೊದ್ದು ಮಲಗಿದ್ದಾನೆ, ಯಾಕೆ ಅಂದರೆ "ಏನೋ ಬೇಡ" ಅಂತಾನೆ ಅಂದರೆ ಅದು ಎನ್4. ಡೈರಿ ಹತ್ತಿರ ನಿಂತವರೆಲ್ಲ ತನ್ನ ಬಗ್ಗೆಯೇ ಗುಸುಗುಸು ಮಾಡುತ್ತಾರೆ ಅಂತ ಹೆದರಿ ಹೋಗುತ್ತಿಲ್ಲ ಅಂದರೆ ಅದು ಜಿ16. "ಯಾಕೆ ಹೋಗ್ತಿಲ್ಲ" ಅನ್ನುವ ಒಂದು ಪ್ರಶ್ನೆ ಕೇಳದೆ ಎರಡಕ್ಕೂ ಒಂದೇ ಅಂಕ ಹಾಕಿದ ಹಾಳೆಗಳನ್ನು ನಾನು ಎಷ್ಟು ನೋಡಿದ್ದೇನೋ ಲೆಕ್ಕವಿಲ್ಲ.

"ಚೆನ್ನಾಗಿದಾನೆ", "ಜಾಸ್ತಿ ಆಗಿದೆ" ಇಂಥ ಮಾತನ್ನು ಹಾಗೇ ತೆಗೆದುಕೊಳ್ಳಬೇಡಿ. ನಿನ್ನೆ ಬೆಳಿಗ್ಗೆ ಎದ್ದಾಗಿಂದ ಏನೇನು ಮಾಡಿದ ಅಂತ ಕೇಳಿ.

ಹಂತ 6: ಈಗ ಅಂಕ

ಪ್ರತಿ ಐಟಂಗೂ ಇದೇ ಕ್ರಮ.

ಮೊದಲು ಐಟಂನ ವ್ಯಾಖ್ಯೆ ಓದಿ. ನೂರು ಸಲ ಓದಿದ್ದರೂ ಓದಿ. ನಂತರ ಈ ಲಕ್ಷಣ ಇದೆಯಾ ಇಲ್ವಾ ಅಂತ ಕೇಳಿಕೊಳ್ಳಿ. ಇಲ್ಲ ಅಂದರೆ 1. ಅನುಮಾನ, ಅಥವಾ ಸಾಮಾನ್ಯ ಜನರಲ್ಲೂ ಕಾಣುವಷ್ಟೇ ಅಂದರೆ 2. ಇದೆ ಅಂದರೆ 3ರಿಂದ 7ರ ವಿವರಣೆ ಓದಿ, ಒಪ್ಪುವ ಅತಿ ಮೇಲಿನ ಅಂಕ ಕೊಡಿ. ಕೆಳಗಿನ ಅಂಕದ ವಿವರಣೆಯೂ ಹೊಂದುತ್ತೆ ಅಂತ ಇಳಿಸಬೇಡಿ. ವಿವರಣೆಯ ಪ್ರತಿಯೊಂದು ಪದವೂ ಕೂಡಿಬರಲೇಬೇಕು ಅಂತಲೂ ಇಲ್ಲ, ಒಟ್ಟಾರೆ ಯಾವುದು ಚೆನ್ನಾಗಿ ಹೊಂದುತ್ತೆ ಅನ್ನುವುದು ಮುಖ್ಯ. ಪಕ್ಕದಲ್ಲೇ ಒಂದು ಸಾಲು ಕಾರಣ ಬರೆಯಿರಿ. ಕಾರಣ ಬರೆಯೋಕೆ ಆಗಲಿಲ್ಲ ಅಂದರೆ ಸಂದರ್ಶನ ಮುಗಿದಿಲ್ಲ, ಮತ್ತೆ ಕರೆದು ಕೇಳಿ.

ಒಂದು ಉದಾಹರಣೆ ಹತ್ತಿರದಿಂದ ನೋಡೋಣ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.

ಶಿಡ್ಲಘಟ್ಟದ ಕಡೆ ಒಂದು ಹಳ್ಳಿ, ರೇಷ್ಮೆ ಹುಳ ಮೇಯಿಸುವ ಮನೆ. ಹುಡುಗನಿಗೆ ಇಪ್ಪತ್ತು ದಾಟಿದೆ. ಸಂಜೆ ಹೊತ್ತಿನಲ್ಲಿ, ವಾರದಲ್ಲಿ ನಾಲ್ಕೈದು ದಿನ, ಓಣಿಯಲ್ಲಿ ಇಬ್ಬರು ಗಂಡಸರು ತೆಲುಗಿನಲ್ಲಿ "ವೀಡು ದೊಂಗ" ಅಂತ ತನ್ನ ಬಗ್ಗೆ ಮಾತಾಡುವುದು ಅವನಿಗೆ ಕೇಳಿಸುತ್ತೆ. ಇವನು ಕಳ್ಳ ಅಂತ. ಕೇಳಿಸಿದಾಗ ಎದ್ದು ಕಿಟಕಿಯಿಂದ ಇಣುಕುತ್ತಾನೆ, ಯಾರೂ ಇಲ್ಲ. ಎರಡು ನಿಮಿಷ ನಿಂತು, ಮತ್ತೆ ಬಂದು ಹುಳಕ್ಕೆ ಸೊಪ್ಪು ಹಾಕುತ್ತಾನೆ. ಅವರು ನಿಜವಾಗಲೂ ಇದ್ದಾರೆ ಅನ್ನುವುದರಲ್ಲಿ ಅವನಿಗೆ ಎಳ್ಳಷ್ಟೂ ಅನುಮಾನ ಇಲ್ಲ.

ತರಬೇತಿಯಲ್ಲಿದ್ದವರು ಪಿ3ಗೆ, ಅಂದರೆ ಇಲ್ಲದ್ದು ಕೇಳುವ-ಕಾಣುವ ಐಟಂಗೆ, 6 ಹಾಕಿದ್ದರು. ಯಾಕೆ ಅಂದರೆ "ಅವನು ಪೂರ್ತಿ ನಂಬಿದ್ದಾನೆ" ಅಂದರು. ಆದರೆ ಪಿ3ರಲ್ಲಿ 6 ಬರಬೇಕಾದರೆ ಧ್ವನಿ ಹೆಚ್ಚುಕಮ್ಮಿ ಎಡೆಬಿಡದೆ ಇರಬೇಕು, ಯೋಚನೆ ಮತ್ತು ನಡವಳಿಕೆ ಎರಡೂ ದೊಡ್ಡ ಮಟ್ಟದಲ್ಲಿ ಕೆಡಬೇಕು. ಇಲ್ಲಿ ಧ್ವನಿ ಆಗಾಗ ಬರುತ್ತೆ, ಬಿಡುವೂ ಕೊಡುತ್ತೆ. ಕೆಲಸ ಎರಡು ನಿಮಿಷ ನಿಲ್ಲುತ್ತೆ, ಮತ್ತೆ ಸಾಗುತ್ತೆ. ಇದು 4. ಓಣಿಯವರು ತನ್ನ ಮೇಲೆ ಹಗೆ ಸಾಧಿಸುತ್ತಿದ್ದಾರೆ ಅನ್ನುವ ಗಟ್ಟಿ ನಂಬಿಕೆಗೆ ಪಾಸಿಟಿವ್ ಭಾಗದಲ್ಲೇ ಪಿ1, ಪಿ6 ಇವೆ. ತನಗೆ ಕಾಯಿಲೆ ಇದೆ ಅನ್ನುವ ಅರಿವಿಗೆ ಜಿ12 ಇದೆ. ಅವುಗಳ ಭಾರವನ್ನು ತಂದು ಪಿ3ರ ಮೇಲೆ ಹೊರಿಸಬಾರದು.

ಅದೇ ಹಾಳೆಯಲ್ಲಿ ಇನ್ನೊಂದು ಸಾಲಿತ್ತು. "ರಾತ್ರಿಯಿಡೀ ಮಳೆ ಸದ್ದು ಕೇಳಿಸುತ್ತದೆ, ಮಳೆ ಇಲ್ಲ." ಇದನ್ನೂ ಲಕ್ಷಣಕ್ಕೆ ಸೇರಿಸಿದ್ದರು, ಅದರಿಂದಲೇ "ಎಡೆಬಿಡದೆ" ಅನ್ನಿಸಿತ್ತು. ಮನೆಗೆ ಹೋದಾಗ ಗೊತ್ತಾಯಿತು. ಅವನು ಮಲಗುವುದು ಹುಳದ ಮನೆಯ ಗೋಡೆಗೆ ಒತ್ತಿಕೊಂಡು. ನಾಲ್ಕನೇ ಜ್ವರ ಎದ್ದ (ನಾಲ್ಕನೇ ಸಲ ಪೊರೆ ಕಳಚಿದ) ಹುಳ ಸೊಪ್ಪು ತಿನ್ನುವ ಸದ್ದು ಹೇಗಿರುತ್ತೆ ಅಂತ ರೇಷ್ಮೆ ಮನೆಯವರನ್ನು ಕೇಳಿ ನೋಡಿ. ಎಲೆ ಮೇಲೆ ಜಿಟಿಜಿಟಿ ಮಳೆ ಬಿದ್ದ ಹಾಗೇ ಇರುತ್ತೆ. ನನಗೂ ಕೇಳಿಸಿತು. ಆ ಸಾಲನ್ನು ಹೊಡೆದುಹಾಕಿದೆವು.

ಮಾತ್ರೆ ಬಿಟ್ಟು ಎರಡು ತಿಂಗಳ ಮೇಲೆ ಅದೇ ಹುಡುಗ ಬಂದ. ಈಗ ಧ್ವನಿ ಬೆಳಗಿನಿಂದ ರಾತ್ರಿವರೆಗೂ. ಗೋಡೆ ಕಡೆ ತಿರುಗಿ ಜೋರಾಗಿ ಬೈಯುತ್ತಿದ್ದಾನೆ. ಆ ಬೆಳೆಗೆ ಹೊತ್ತಿಗೆ ಸರಿಯಾಗಿ ಸೊಪ್ಪು ಹಾಕದೆ ಹುಳ ಅರ್ಧ ಸತ್ತಿತ್ತು, ಚಂದ್ರಿಕೆಗೆ (ಹುಳ ಗೂಡು ಕಟ್ಟುವ ತಟ್ಟೆಗೆ) ಹಾಕುವಷ್ಟೂ ಉಳಿದಿರಲಿಲ್ಲ. ಇದು 6. ಎರಡು ಹಾಳೆಯನ್ನು ಪಕ್ಕಪಕ್ಕ ಇಟ್ಟರೆ 4ರಿಂದ 6ಕ್ಕೆ ಏರಿದ್ದು ಕಣ್ಣಿಗೆ ಹೊಡೆಯುತ್ತೆ. ಮೊದಲ ಸಲವೇ 6 ಹಾಕಿ ಬಿಟ್ಟಿದ್ದರೆ ಈ ಏರಿಕೆ ಕಾಣುತ್ತಲೇ ಇರಲಿಲ್ಲ, ಮನೆಯವರು ಬಾಯಿ ಬಡಿದುಕೊಂಡರೂ ಹಾಳೆ "ಬದಲಾವಣೆ ಇಲ್ಲ" ಅಂತಿತ್ತು.

ಹಂತ 7: ಅಂಕ ಕೆಡಿಸುವ ನಾಲ್ಕು ವಿಷಯ

ಮೊದಲನೆಯದು ಮಾತ್ರೆಯ ಅಡ್ಡಪರಿಣಾಮ. ಹ್ಯಾಲೊಪೆರಿಡಾಲ್, ರಿಸ್ಪೆರಿಡೋನ್ ತರದ ಮಾತ್ರೆಯಿಂದ ಮೈ ಬಿಗಿಯಾಗಿ, ಮುಖ ಮರಗಟ್ಟಿದ ಹಾಗಾದರೆ ಅದು ಭಾವಹೀನತೆ ಅನ್ನುವ ನೆಗೆಟಿವ್ ಲಕ್ಷಣದ ತರವೇ ಕಾಣುತ್ತೆ. ಮೊಣಕೈ ಮಡಿಸಿ ಬಿಗಿ ಇದೆಯಾ ನೋಡಿ, ನಡೆಯುವಾಗ ಕೈ ಬೀಸುತ್ತಾರಾ ನೋಡಿ. ಇದಕ್ಕೆ ಸಿಂಪ್ಸನ್-ಆಂಗಸ್ ಅಂತ 10 ಐಟಂನ ಬೇರೆ ಸ್ಕೇಲ್ ಇದೆ. ಕೂತಲ್ಲಿ ಕೂರೋಕಾಗದೆ ಕಾಲು ಕುಣಿಸುವುದು, ಎದ್ದು ಓಡಾಡುವುದು ಅಕಥೀಸಿಯಾ (ಮಾತ್ರೆಯಿಂದ ಬರುವ ಚಡಪಡಿಕೆ) ಇರಬಹುದು, ಅದನ್ನು ರೋಗದ ಉದ್ರೇಕ ಅಂತ ಬರೆದರೆ ಡೋಸ್ ಏರಿಸುತ್ತಾರೆ, ಡೋಸ್ ಏರಿದರೆ ಅದು ಇನ್ನೂ ಜಾಸ್ತಿ ಆಗುತ್ತೆ. ಬಾರ್ನ್ಸ್ ಸ್ಕೇಲ್ ಇರುವುದು ಇದಕ್ಕೇ. ನಿಜವಾಗಿ ಜನರಿಗೆ ಪೆಟ್ಟು ಬೀಳುವ ತಪ್ಪು ಇದು, ಇದೊಂದನ್ನು ಮಾತ್ರ ದಯವಿಟ್ಟು ಮರೆಯಬೇಡಿ.

ಎರಡನೆಯದು ಖಿನ್ನತೆ. ಮಂಕುತನ ಯಾವುದರಿಂದ ಅಂತ ಬಿಡಿಸಿ ನೋಡೋಕೆ ಕ್ಯಾಲ್ಗರಿ ಸ್ಕೇಲ್ ಇದೆ, 9 ಐಟಂ, ಬೇಗ ಮುಗಿಯುತ್ತೆ.

ಮೂರನೆಯದು ಭಾಷೆ. ಬಾಗೇಪಲ್ಲಿ, ಗೌರಿಬಿದನೂರು, ಚಿಂತಾಮಣಿ ಕಡೆ ಎಷ್ಟೋ ಮನೆಯಲ್ಲಿ ಆಡುವ ಮಾತು ತೆಲುಗು, ಹಲವರಿಗೆ ಉರ್ದು. ಕನ್ನಡದಲ್ಲಿ ಒಂದೊಂದೇ ಪದ ಹೇಳುವ ಹೆಂಗಸು "ಎವರೂ ಲೇನಪ್ಪುಡು ಮಾಟಲು ವಿನಪಡ್ತಾಯಾ?" (ಯಾರೂ ಇಲ್ಲದಾಗ ಮಾತು ಕೇಳಿಸುತ್ತಾ?) ಅಂತ ಕೇಳಿದ ಕೂಡಲೇ ಅರ್ಧ ಗಂಟೆ ಮಾತಾಡಿದ್ದಾರೆ. ಅವರಿಗೆ ಮಾತು ಕಮ್ಮಿ ಅಂತ ಅಂಕ ಹಾಕಿದ್ದ ಹಾಳೆ ಅದೇ ಮೇಜಿನ ಮೇಲಿತ್ತು. ಯಾವ ಭಾಷೆಯಲ್ಲಿ ಕೇಳಿದಿರಿ ಅಂತ ಬರೆದಿಡಿ, ಮುಂದಿನ ಸಲವೂ ಅದೇ ಭಾಷೆ ಇರಲಿ. ಭಾಷೆ ಬರದಿದ್ದರೆ ಆ ಭಾಷೆ ಬರುವ ಸಿಬ್ಬಂದಿಯನ್ನು ಕರೆಯಿರಿ. ಗಂಡನನ್ನೋ ಅತ್ತೆಯನ್ನೋ ದುಭಾಷಿ ಮಾಡಿದರೆ ಅರ್ಧ ಮಾತು ಅಲ್ಲೇ ಉಳಿಯುತ್ತೆ.

ನಾಲ್ಕನೆಯದು ಊರಿನ ನಂಬಿಕೆ. ಮೈಮೇಲೆ ದೇವರು ಬರುವುದು, ಗಾಳಿ ಸೋಕುವುದು, ಯಾರೋ ಮಾಟ ಮಾಡಿಸಿದ್ದಾರೆ ಅನ್ನುವುದು, ಮುರುಗಮಲ್ಲದ ದರ್ಗಾಕ್ಕೆ ಹರಕೆ ಹೊರುವುದು. ಇವನ್ನು ಕೇಳಿದ ತಕ್ಷಣ ಡೆಲ್ಯೂಷನ್ (ಕಾಯಿಲೆಯ ಸುಳ್ಳು ನಂಬಿಕೆ) ಅಂತ ಬರೆಯಬೇಡಿ. ಹಾಗಂತ ಎಲ್ಲವನ್ನೂ ಸಂಸ್ಕೃತಿ ಅಂತ ಬಿಟ್ಟುಬಿಡುವುದೂ ತಪ್ಪು. ಮನೆಯವರಿಗೆ ಎರಡು ಪ್ರಶ್ನೆ ಕೇಳಿ. "ನಿಮ್ಮಲ್ಲಿ ಬೇರೆಯವರೂ ಹೀಗೆ ನಂಬ್ತಾರಾ?" "ಇವರು ಹೇಳೋದು ಅದಕ್ಕಿಂತ ಬೇರೆ ತರ ಇದೆ ಅನ್ನಿಸುತ್ತಾ?" ಮಾಟದಲ್ಲಿ ಪೂರ್ತಿ ನಂಬಿಕೆ ಇರುವ ಅಜ್ಜಿಯೇ "ಇಲ್ಲಮ್ಮ, ಇದು ಆ ತರದ್ದಲ್ಲ, ಇವಳು ಬೋರ್‌ವೆಲ್ ಪೈಪಿನಿಂದ ಯಾರೋ ಬರ್ತಾರೆ ಅಂತಾಳೆ" ಅಂದರೆ ನಿಮ್ಮ ಉತ್ತರ ಸಿಕ್ಕಿದ ಹಾಗೆ.

ಹಂತ 8: ಲೆಕ್ಕ

ಕೂಡುವುದರಲ್ಲಿ ತಪ್ಪು ಕಮ್ಮಿ, ಶೇಕಡಾ ತೆಗೆಯುವುದರಲ್ಲಿ ಜಾಸ್ತಿ. ಪ್ಯಾನ್ಸ್‌ನಲ್ಲಿ ಏನೂ ಲಕ್ಷಣ ಇಲ್ಲದವರಿಗೂ 30 ಬರುತ್ತೆ, ಯಾಕಂದರೆ ಪ್ರತಿ ಐಟಂ 1ರಿಂದ ಶುರು. ಆ 30 ಕಳೆಯದೆ ಶೇಕಡಾ ತೆಗೆದರೆ ಸುಧಾರಣೆ ಕಮ್ಮಿ ಕಾಣುತ್ತೆ. ಮೊದಲು 90 ಇತ್ತು, ಈಗ 60. 30 ಅಂಕ ಇಳಿದಿದೆ. ಅದನ್ನು 90ರಿಂದ ಭಾಗಿಸಿ ಶೇ 33 ಅನ್ನುತ್ತಾರೆ. ಸರಿಯಾದ ಲೆಕ್ಕದಲ್ಲಿ 90ರಿಂದ 30 ಕಳೆದ 60ರಿಂದ ಭಾಗಿಸಬೇಕು, ಬರುವುದು ಶೇ 50. 18 ಐಟಂನ ಬಿಪಿಆರ್‌ಎಸ್‌ನಲ್ಲಿ ಹೀಗೇ 18 ಕಳೆಯಿರಿ.

ಇದು ಬರೀ ಕಾಗದದ ವಿಷಯವಲ್ಲ. ಎರಡು ಬೇರೆ ಬೇರೆ ಮಾತ್ರೆ, ಸರಿಯಾದ ಡೋಸಿನಲ್ಲಿ, ಒಂದೊಂದೂ ಕನಿಷ್ಠ 6 ವಾರ ಕೊಟ್ಟರೂ ಲಕ್ಷಣ ಶೇ 20ರಷ್ಟೂ ಇಳಿಯದಿದ್ದರೆ ಮದ್ದಿಗೆ ಬಗ್ಗದ ಕಾಯಿಲೆ ಅಂತ ಪರಿಗಣಿಸಿ ಕ್ಲೋಜಪಿನ್ ಅನ್ನುವ ಬೇರೆ ಮಾತ್ರೆಯ ಮಾತು ಶುರುವಾಗುತ್ತೆ. ಆ ನಿರ್ಧಾರ ನಿಮ್ಮ ಹಾಳೆ ಮೇಲೆ ನಿಲ್ಲುತ್ತೆ.

ಒಟ್ಟು ಅಂಕದ ಅರ್ಥ ಏನು ಅಂತ ಎಲ್ಲರೂ ಕೇಳುತ್ತಾರೆ. 2005ರಲ್ಲಿ ಪ್ರಕಟವಾದ ಹೋಲಿಕೆಯಲ್ಲಿ ಪ್ಯಾನ್ಸ್ 58 ಸುಮಾರು ಸೌಮ್ಯ, 75 ಮಧ್ಯಮ, 95 ಗಣನೀಯ, 116 ತೀವ್ರ ಅನ್ನುವ ಸಿಜಿಐ ಮಟ್ಟಕ್ಕೆ ಸರಿಹೊಂದುತ್ತಿತ್ತು. ದಾರಿ ಗುರುತಿನ ಹಾಗೆ ಇಟ್ಟುಕೊಳ್ಳಿ, ಗೆರೆ ಎಳೆಯೋಕೆ ಬಳಸಬೇಡಿ. ಒಟ್ಟು ಅಂಕ ಒಂದೇ ಇದ್ದರೂ ಒಬ್ಬರಿಗೆ ಧ್ವನಿ, ಇನ್ನೊಬ್ಬರಿಗೆ ಮಂಕುತನ ಇರುತ್ತೆ, ಆದ್ದರಿಂದ ಮೂರು ಭಾಗದ ಅಂಕ ಬೇರೆ ಬೇರೆ ಬರೆಯಿರಿ.

ಅಂಗವಿಕಲ ಕಾರ್ಡಿಗೆ ಈ ಅಂಕ ನಡೆಯುತ್ತಾ ಅಂತ ಮನೆಯವರು ಕೇಳಿಯೇ ಕೇಳುತ್ತಾರೆ. ನಡೆಯಲ್ಲ. ಅದಕ್ಕೆ ಐಡಿಯಾಸ್ (IDEAS) ಅನ್ನುವ ಬೇರೆ ಸ್ಕೇಲ್. ತನ್ನನ್ನು ತಾನು ನೋಡಿಕೊಳ್ಳುವುದು, ಜನರ ಜೊತೆ ಹೊಂದಾಣಿಕೆ, ಮಾತು ಮತ್ತು ತಿಳುವಳಿಕೆ, ಕೆಲಸ ಅನ್ನುವ ನಾಲ್ಕು ವಿಷಯ ಮತ್ತು ಕಾಯಿಲೆಯ ಅವಧಿಯನ್ನು ನೋಡುತ್ತೆ. 7 ಅಂಕದಿಂದ ಶೇ 40 ಅಂಗವಿಕಲತೆ ಶುರು. ಧ್ವನಿ ಪೂರ್ತಿ ನಿಂತವರಿಗೂ ಕೆಲಸ ಮಾಡೋಕೆ ಆಗದೇ ಇರಬಹುದು, ಹಾಗಾಗಿ ಇದನ್ನು ಬೇರೆಯಾಗಿಯೇ ಅಳೆಯಬೇಕು.

ಹಂತ 9: ಮತ್ತೆ ಅಳೆಯುವಾಗ

ಸಾಧ್ಯವಾದಷ್ಟೂ ಅದೇ ವ್ಯಕ್ತಿ, ಅದೇ ಭಾಷೆ, ಅದೇ ಹೊತ್ತು. ಡಿಪೋ ಇಂಜೆಕ್ಷನ್ ಇದ್ದರೆ ಪ್ರತಿ ಸಲವೂ ಇಂಜೆಕ್ಷನ್‌ಗೆ ಮುಂಚೆ. ಒಂದು ಸಲ ಮುಂಚೆ, ಒಂದು ಸಲ ಹತ್ತು ದಿನ ಆದ ಮೇಲೆ ಅಳೆದರೆ ಏನನ್ನು ಹೋಲಿಸುತ್ತಿದ್ದೀರಿ ಅಂತ ನಿಮಗೇ ಗೊತ್ತಾಗಲ್ಲ. ನಾನು ಮೊದಲ ದಿನ, ಎರಡನೇ ವಾರ, ಆರನೇ ವಾರ, ಆಮೇಲೆ ಮೂರು ತಿಂಗಳಿಗೊಮ್ಮೆ ಅಂತ ಇಟ್ಟುಕೊಂಡಿದ್ದೇನೆ.

ಹಳೆಯ ಹಾಳೆಯನ್ನು ಮುಂಚೆ ನೋಡಬೇಡಿ. ಹೊಸ ಅಂಕ ಬರೆದು ಮುಗಿಸಿ, ಆಮೇಲೆ ತೆಗೆಯಿರಿ. ಹಳೆಯದು ಕಣ್ಣಿಗೆ ಬಿದ್ದರೆ ಕೈ ತಾನಾಗಿ ಅದೇ ಅಂಕದ ಹತ್ತಿರ ಹೋಗುತ್ತೆ, ಎಷ್ಟು ಅನುಭವ ಇದ್ದವರಿಗೂ.

ತಿಂಗಳಿಗೊಮ್ಮೆಯಾದರೂ ಇಬ್ಬರು ಒಟ್ಟಿಗೆ ಕೂತು, ಒಬ್ಬರು ಮಾತಾಡಿಸಿ, ಇಬ್ಬರೂ ಬೇರೆ ಬೇರೆ ಅಂಕ ಹಾಕಿ. ಒಂದಕ್ಕಿಂತ ಜಾಸ್ತಿ ವ್ಯತ್ಯಾಸ ಬಂದ ಐಟಂಗಳನ್ನು ಮಾತ್ರ ತೆಗೆದು ಕೈಪಿಡಿ ಮುಂದಿಟ್ಟು ಚರ್ಚಿಸಿ. ಹಿರಿಯರ ಅಂಕವೇ ಸರಿ ಅಂತ ಮುಗಿಸಬೇಡಿ. ಮೇಲೆ ಹೇಳಿದ 84, 61, 88ರ ಹಾಳೆಗಳನ್ನು ನಾವು ಹೀಗೇ ಕೂತು ನೋಡಿದೆವು. 61 ಹಾಕಿದವರು ಮನೆಯವರ ಹತ್ತಿರ ಮಾತೇ ಆಡಿರಲಿಲ್ಲ. ವ್ಯತ್ಯಾಸದ ದೊಡ್ಡ ಪಾಲು ಅಲ್ಲಿಂದಲೇ ಬಂದಿತ್ತು.

ಅಳತೆ ನಿಲ್ಲಿಸಿ, ಡಾಕ್ಟರ್ ಕರೆಯಬೇಕಾದ ಗುರುತುಗಳು

ಕೆಳಗಿನ ಯಾವುದು ಕಂಡರೂ ಹಾಳೆ ಮಡಚಿ ಪಕ್ಕಕ್ಕಿಡಿ.

ಧ್ವನಿ "ಸಾಯಿ" ಅಂತಲೋ "ಅವರನ್ನು ಹೊಡಿ" ಅಂತಲೋ ಹೇಳುತ್ತಿದೆ, ತಡೆಯೋಕೆ ಆಗುತ್ತಿಲ್ಲ ಅಂತ ರೋಗಿ ಹೇಳಿದರೆ. ಸಾಯಬೇಕು ಅನ್ನಿಸುತ್ತಾ ಅಂತ ನೇರವಾಗಿ ಕೇಳಿ, ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಒಬ್ಬರನ್ನೇ ಬಿಡಬೇಡಿ. ಮನೆಯಲ್ಲಿರುವ ಕೀಟನಾಶಕ, ಹಗ್ಗ, ಮಚ್ಚು ಬೀಗ ಹಾಕಿಡಲು ಮನೆಯವರಿಗೆ ಹೇಳಿ. ಟೆಲಿ-ಮಾನಸ್ ಸಂಖ್ಯೆ 14416 ಹಗಲು ರಾತ್ರಿ ಇರುತ್ತೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಆ ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ಮನೆಯವರ ಕೈಗೇ ಕೊಡಿ.

ಮಾತ್ರೆ ಅಥವಾ ಇಂಜೆಕ್ಷನ್ ಶುರುವಾದ ಮೇಲೆ ಜ್ವರ, ಮರದ ಹಾಗೆ ಬಿಗಿದ ಮೈ, ಗೊಂದಲ, ಮೂರೂ ಒಟ್ಟಿಗೆ ಬಂದರೆ ಅದು ಜೀವಕ್ಕೆ ಅಪಾಯ, ಆ ಹೊತ್ತೇ ದೊಡ್ಡ ಆಸ್ಪತ್ರೆಗೆ. ಕ್ಲೋಜಪಿನ್ ತೆಗೆದುಕೊಳ್ಳುವವರಿಗೆ ಜ್ವರ, ಗಂಟಲು ನೋವು ಬಂದರೆ ಅದೇ ದಿನ ರಕ್ತ ಪರೀಕ್ಷೆ.

ಕುಡಿತ ಬಿಟ್ಟು ಎರಡು ಮೂರು ದಿನಕ್ಕೆ ಕೈ ನಡುಗಿ, ಬೆವತು, ಗೋಡೆ ಮೇಲೆ ಹುಳ ಹರಿದಾಡುವುದು ಕಂಡು, ಎಲ್ಲಿದ್ದೀನಿ ಅನ್ನುವುದೇ ಗೊತ್ತಾಗದಿದ್ದರೆ ಅದು ಬೇರೆ ಕಾಯಿಲೆ, ಪ್ಯಾನ್ಸ್ ಅಲ್ಲಿ ಕೆಲಸಕ್ಕೆ ಬರಲ್ಲ. ವಯಸ್ಸಾದವರಲ್ಲಿ ದಿಢೀರ್ ಅಂತ ಶುರುವಾಗಿ, ಬೆಳಿಗ್ಗೆ ಸರಿ ರಾತ್ರಿ ಗೊಂದಲ ಅನ್ನುವ ಹಾಗಿದ್ದರೂ ಅಷ್ಟೇ, ಮೊದಲು ದೇಹದ ಪರೀಕ್ಷೆ ಆಗಬೇಕು.

ಮಾತಿಲ್ಲ, ಊಟ ನೀರಿಲ್ಲ, ಕೈ ಎತ್ತಿ ಬಿಟ್ಟರೆ ಎತ್ತಿದ ಹಾಗೇ ನಿಲ್ಲುತ್ತೆ ಅಂದರೆ ಕ್ಯಾಟಟೋನಿಯಾ. ಅದಕ್ಕೆ ಬುಷ್-ಫ್ರಾನ್ಸಿಸ್ ಸ್ಕೇಲ್ ಇದೆ, ಮೊದಲ 14 ಐಟಂ ಪತ್ತೆ ಹಚ್ಚೋಕೆ ಸಾಕು. ಇವರಿಗೆ ನೆಗೆಟಿವ್ ಲಕ್ಷಣ ಅಂತ 7 ಹಾಕಿ ಮುಂದಿನ ಮಂಗಳವಾರ ಬನ್ನಿ ಅಂತ ಕಳಿಸಬೇಡಿ. ಅವರಿಗೆ ಅವತ್ತೇ ಚಿಕಿತ್ಸೆ ಶುರುವಾಗಬೇಕು, ಆಂಬುಲೆನ್ಸ್‌ಗೆ 108 ಒತ್ತಿ.